ಮುಖ ಬೇಡ, ಪಾದ ತೋರಿಸಿ

ಮಕ್ಕಳು ಬಿದ್ದರೆ ಅಳುತ್ತವೆ. ಹರೆಯದವರು ಬಿದ್ದರೆ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಾರೆ. ವಯಸ್ಸಾದವರು ಬಿದ್ದರೆ ಮುಚ್ಚಿಡುತ್ತಾರೆ. ಇಪ್ಪತ್ತು ವರ್ಷ ಫಿಸಿಯೋಥೆರಪಿ ಮಾಡಿಯೂ ಈ ಮೂರನೆಯ ಮಾತು ನನಗೆ ತಡವಾಗಿಯೇ ಅರ್ಥವಾಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಶಿವಮೊಗ್ಗದ ನನ್ನ ಪುಟ್ಟ ಕ್ಲಿನಿಕ್ಕಿಗೆ ಬೀಗ ಬಿತ್ತು. ಮಂಡಿನೋವು, ಸೊಂಟನೋವು ಎಂದು ಬರುತ್ತಿದ್ದ ಹಿರಿಯರೆಲ್ಲ ಮನೆಯೊಳಗೇ ಕುಳಿತರು. ಕುಳಿತಷ್ಟೂ ಕಾಲಿನ ಕಸುವು ಕರಗುತ್ತದೆ. ಕಸುವು ಕರಗಿದಷ್ಟೂ ಬೀಳುವ ಭಯ. ಆ ಭಯಕ್ಕೆ ಮತ್ತಷ್ಟು ಕೂರುವುದು. ಗಾಣದೆತ್ತಿನ ಸುತ್ತು ಇದು. ಕೊನೆಗೆ ಮಗಳ ಮಾತು ಕೇಳಿ ಮೊಬೈಲಿನಲ್ಲೇ ತರಗತಿ ಶುರು ಮಾಡಿದೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಒಂಬತ್ತು ಮಂದಿ.

ಮೊದಲ ದಿನದ ಫಜೀತಿ ಕೇಳಬೇಡಿ. ಒಬ್ಬರ ಮನೆಯ ಫ್ಯಾನು ಕಾಣುತ್ತಿತ್ತು, ಇನ್ನೊಬ್ಬರ ಹಣೆಯ ಕುಂಕುಮ ಮಾತ್ರ. ಯಾರದೋ ಮನೆಯ ಕುಕ್ಕರ್ ಕೂಗಿದ್ದಕ್ಕೆ ಮೂವರು ತಂತಮ್ಮ ಅಡುಗೆಮನೆಗೆ ಓಡಿದರು! ಎಲ್ಲರೂ ತಲೆ ಬಾಚಿ, ಮುಖಕ್ಕೆ ಪೌಡರು ಹಚ್ಚಿ ಕೂತಿದ್ದರು. ನನಗೆ ಬೇಕಿದ್ದದ್ದು ಮುಖವೇ ಅಲ್ಲ. ಹೆಜ್ಜೆ ಹೇಗೆ ಬೀಳುತ್ತದೆಂದು ಕಾಣದೆ ಕಲಿಸುವುದು ಹೇಗೆ? "ಮುಖ ಬೇಡ, ಪಾದ ತೋರಿಸಿ" ಎನ್ನುವುದೇ ನನ್ನ ಜಪವಾಯಿತು.

ಎದುರಿಗಿದ್ದವರು ವಾಲಿದರೆ ತೋಳು ಹಿಡಿಯಬಹುದು. ಮೊಬೈಲಿನೊಳಗಿಂದ ಕೈ ಚಾಚಲಾದೀತೇ? ಅದಕ್ಕೇ ಕಟ್ಟುಪಾಡು ಮಾಡಿದೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಭಾರದ ಮರದ ಕುರ್ಚಿ ಗೋಡೆಗೆ ಒತ್ತಿರಲಿ. ಒರೆಸಿದ ನೆಲ ಒಣಗಿರಲಿ. ಸೀರೆಯಾಗಲಿ ನೈಟಿಯಾಗಲಿ, ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಕರೆದರೆ ಓಗೊಡುವಷ್ಟು ಹತ್ತಿರ ಮನೆಯವರೊಬ್ಬರಿರಲಿ. ಅವರ ನಂಬರು ನನ್ನ ಬಳಿಯಿರಲಿ.

ಪಾಠವೇನೂ ದೊಡ್ಡದಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಿಲ್ಲುವುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಎಂಬತ್ತು ದಾಟಿದ ಹೆಂಗಸರಿಗೆ ಇಂಥವನ್ನೇ ಮನೆಮನೆಯಲ್ಲಿ ಕಲಿಸಿ, ಬೀಳುವುದು ಕಡಿಮೆಯಾಯಿತೆಂದು 1997ರಲ್ಲೇ ತೋರಿಸಿದ್ದರು. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯೂ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇಕಡಾ 23ರಷ್ಟು ಇಳಿಯುತ್ತದೆಂದು ಹೇಳಿತು.

ಒಂಬತ್ತನೆಯ ವಿದ್ಯಾರ್ಥಿನಿ ನನ್ನ ಅಮ್ಮ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಆಗ ಅವಳಿಗೆ ಎಪ್ಪತ್ತಾರು. ಫೋನು ಮಾಡಿದಾಗಲೆಲ್ಲ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಿದ್ದಳು. ಆದರೆ ಪಾದ ತೋರಿಸೆಂದರೆ ಮಾತ್ರ "ನೆಟ್ ಬರಲ್ಲ ಕಣೇ" ಎಂಬ ನೆವ. ಎರಡನೆಯ ವಾರ ಅಣ್ಣನ ಮಗ ಮೊಬೈಲನ್ನು ಸ್ಟೂಲಿನ ಮೇಲಿಟ್ಟು ಕೆಳಗೆ ಬಾಗಿಸಿದ. ಎಡಗಾಲು ಊದಿತ್ತು. ಕಣಕಾಲಿನಿಂದ ಬೆರಳಿನವರೆಗೆ ನೀಲಿ. ಒಂದು ಕೈ ಗೋಡೆ ಹಿಡಿದಿತ್ತು.

ಎಂಟು ಮಂದಿಯ ಎದುರು ಹೇಗೋ ತರಗತಿ ಮುಗಿಸಿ, ಆಮೇಲೆ ಕೇಳಿದೆ.

"ಬಚ್ಚಲಲ್ಲಿ ಜಾರಿದೆ" ಎಂದಳು. "ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ರೆ ತೋಟಕ್ಕೆ ಹೋಗ್ಬೇಡ, ಸುಮ್ನೆ ಕೂತ್ಕೋ ಅಂತೀರಿ."

ನಾನು ಮಾತಾಡಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿದ್ದದ್ದು ಅದೇ ಮಾತು. ಊರವರಿಗೆಲ್ಲ ಕೂರಬೇಡಿ, ಏಳಿ ಎನ್ನುವವಳು ಹೆತ್ತವಳನ್ನು ಕೂರಿಸಲು ಹೊರಟಿದ್ದೆ.

ಎಕ್ಸ್‌ರೇ ತೆಗೆಸಿದೆವು; ದೇವರ ದಯೆ, ಮೂಳೆ ಮುರಿದಿರಲಿಲ್ಲ. ಅಣ್ಣ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ. ಊತ ಇಳಿಯುವವರೆಗೆ ಕುಳಿತೇ ಮಾಡುವ ವ್ಯಾಯಾಮ ಹೇಳಿಕೊಟ್ಟೆ. "ತೋಟಕ್ಕೆ ಹೋಗಬೇಕಲ್ಲ, ಅದಕ್ಕೇ ಇದು" ಎಂದ ಮೇಲೆ ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಕ್ಲಿನಿಕ್ಕು ತೆರೆದು ವರ್ಷಗಳಾದರೂ ದೂರದವರಿಗಾಗಿ ಹನ್ನೊಂದರ ತರಗತಿ ನಡೆದೇ ಇದೆ. ಅಮ್ಮ ಈಗ ಕೇಳುವ ಮೊದಲೇ ಪಾದ ತೋರಿಸುತ್ತಾಳೆ. ಕೆಲವೊಮ್ಮೆ ಬೆರಳ ಸಂದಿಯಲ್ಲಿ ತೋಟದ ಮಣ್ಣು ಇನ್ನೂ ಹಸಿಯಾಗಿರುತ್ತದೆ. ತೊಳೆದು ಬಾ ಎಂದು ನಾನು ಹೇಳುವುದಿಲ್ಲ.