ಕಪಾಲಿ ಇಲ್ಲ, ಬೈ-ಟು ಇದೆ!

2016ರಲ್ಲಿ ಬಿಟ್ಟ ಬೆಂಗಳೂರಿಗೆ ಮೊನ್ನೆ ಮತ್ತೆ ಹೋಗಿಬಂದೆ.

ಪಿಯುಸಿಗೆ ಶರಣು ಹೊಡೆದು, ಡೈರೆಕ್ಟರ್ ಆಗ್ತೀವಂತ ಓಡಿಬಂದಿದ್ದೆವು ನಾವಿಬ್ಬರು. ಕಪಾಲಿಯಲ್ಲಿ ಪಿಕ್ಚರು, ಆಮೇಲೆ ಒಂದೇ ಕಾಫಿ ಬೈ-ಟು. ಅದೇ ರಾತ್ರಿಯೂಟ! ಕಪಾಲಿ 2017ರಲ್ಲೇ ಮುಚ್ಚಿತು. ಗೆಳೆಯ ಈಗ ಊರಲ್ಲಿ ಟ್ರ್ಯಾಕ್ಟರ್ ಓಡಿಸ್ತಾನೆ.

ಆದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇದೆಯಲ್ಲ! 1943ರ ಹೋಟೆಲು, ಅಣ್ಣಾವ್ರೂ ದೋಸೆ ತಿಂದ ಜಾಗ. ಪಂಚೆಯುಟ್ಟ ಮಾಣಿ ಒಂದೇ ತೋಳಿನ ಮೇಲೆ ಸಾಲು ಸಾಲು ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಬೇಕು. ಯಾವ ಸ್ಟಂಟ್ ಮಾಸ್ಟರೂ ಬೇಡ! ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ನೀರು ಚಟ್ನಿ. ಶುಕ್ರವಾರ ಮಾತ್ರ ರಜೆ. ಅವತ್ತು ಹೊಸ ಪಿಕ್ಚರಿಗೆ ಹೋಗಿ.

ಸಂಜೆ ಗಾಂಧಿನಗರದ ನಮ್ಮ ಹಳೇ ಬಾರು. ಅದೇ ಮಂದ ಬೆಳಕು, ಅದೇ ಕಡ್ಲೆಬೀಜದ ಮಸಾಲೆ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಹುಡುಗರು, ಒಂದೇ ಬಿಯರು. "ಇಂಟರ್‌ವಲ್‌ಗೆ ಹೀರೋ ಸಾಯ್ತಾನೆ ಮಗಾ!" ಅಂತಿದ್ದ ಒಬ್ಬ. ಅಯ್ಯೋ, ನಮ್ಮ ಕಥೆಯೂ ಅದೇ! ನಗು ಬಂತು, ಆದರೆ ಗಂಟಲಲ್ಲೇ ನಿಂತಿತು.

ಗೆಳೆಯನಿಗೆ ಫೋನ್ ಮಾಡಿದೆ. "ಒಂದ್ಸಲ ಬಾರೋ, ದೋಸೆ ನಂದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: "ಕಾಫಿ ಬೈ-ಟುನೇ ತಾನೆ?"