ಹಲ್ಲುಚಕ್ರಗಳ ಊರು ಫ್ರೀಡ್ರಿಕ್ಸ್‌ಹಾಫೆನ್

ದಕ್ಷಿಣ ಜರ್ಮನಿಯ ಬೋಡನ್‌ಸೀ ಸರೋವರದ ದಂಡೆಯಲ್ಲಿ ಫ್ರೀಡ್ರಿಕ್ಸ್‌ಹಾಫೆನ್ ಇದೆ. ಪ್ರವಾಸಿಗರನ್ನು ಇಲ್ಲಿಗೆ ಸೆಳೆಯುವುದು ಜೆಪ್ಪೆಲಿನ್ ವಾಯುನೌಕೆಯ ನೆನಪು. 1900ರ ಜುಲೈ 2ರಂದು ಮೊದಲ ಜೆಪ್ಪೆಲಿನ್ ಹಾರಿದ್ದು ಈ ನೀರಿನ ಮೇಲೆಯೇ. ಬಂದರಿನ ಹಳೆಯ ರೈಲು ನಿಲ್ದಾಣವೇ ಈಗ ಅದರ ಮ್ಯೂಸಿಯಂ.

ವಾಯುನೌಕೆಗಳಿಗೆ ಹಲ್ಲುಚಕ್ರ ಒದಗಿಸಲು 1915ರಲ್ಲಿ ಇಲ್ಲಿ ಹುಟ್ಟಿದ ಕಂಪನಿ ಜೆಡ್.ಎಫ್. ಮುಂದೆ ಅನೇಕ ಬಿ.ಎಂ.ಡಬ್ಲ್ಯು. ಕಾರುಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟದ್ದೂ ಅದೇ.

ಈ ಪೆಟ್ಟಿಗೆಯ ಜೀವ ಎಣ್ಣೆಯಲ್ಲಿದೆ. ಎರಡು ಫ್ಯಾನುಗಳನ್ನು ಎದುರುಬದುರಿಟ್ಟು ಒಂದನ್ನು ಓಡಿಸಿದರೆ ಆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ ಇಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ದಾಟುತ್ತದೆ. ಗೇರು ಬದಲಾಗುವಾಗ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುವುದೂ ಅದರ ಒತ್ತಡವೇ. ಎಣ್ಣೆ ಕಾದು ಕಾದು ಕೆಟ್ಟು, ತಟ್ಟೆ ಸವೆದ ಪುಡಿಯೂ ಸೇರಿದರೆ ಕವಾಟಗಳು ಅಂಟಿಕೊಳ್ಳುತ್ತವೆ, ತಟ್ಟೆಗಳು ಜಾರುತ್ತವೆ. ಎಂಜಿನ್ ಗರ್ಜಿಸುತ್ತದೆ, ಕಾರು ಮಾತ್ರ ದಿಬ್ಬ ಹತ್ತಲೊಲ್ಲದು.

ಕಾರು ತಯಾರಕರು ಈ ಎಣ್ಣೆಯನ್ನು 'ಆಜೀವ' ಎಂದು ಕರೆದದ್ದುಂಟು. ಯಾರ ಜೀವ? ಜೆಡ್.ಎಫ್. ಹೇಳುವುದೇ ಬೇರೆ: 80,000ದಿಂದ 1,20,000 ಕಿ.ಮೀ.ಗೆ, ಇಲ್ಲವೆ ಎಂಟು ವರ್ಷಕ್ಕೆ ಬದಲಿಸಿ!

ಆದ್ದರಿಂದ ಮೊದಲು ನೋಡಬೇಕಾದದ್ದು ಎಣ್ಣೆಯ ಮಟ್ಟ, ಬಣ್ಣ, ವಾಸನೆ. ಸೀದ ವಾಸನೆಯ ಜೊತೆಗೆ ಲೋಹದ ಚೂರುಗಳೂ ಸಿಕ್ಕರೆ ಹೊಸ ಎಣ್ಣೆಯಿಂದ ಗುಣವಾಗದು, ಪೆಟ್ಟಿಗೆ ಬಿಚ್ಚಲೇಬೇಕು. ಆಗ ಬಿಲ್ಲು ಹಳೆಯ ಕಾರಿನ ಬೆಲೆಯನ್ನೇ ಮೀರಬಹುದು. ಗಟ್ಟಿಮುಟ್ಟಾದ ಎಂಜಿನ್ನು ಗುಜರಿಗೆ ಹೋಗುವುದು ಹೀಗೆ. ಗುಜರಿಯಿಂದಲೇ ಇನ್ನೊಂದು ಪೆಟ್ಟಿಗೆ ತರುವುದು ಅಗ್ಗವೇನೋ ಹೌದು, ಆದರೆ ಅದಕ್ಕೂ ಅಷ್ಟೇ ವಯಸ್ಸು. ಜರ್ಮನಿಯಲ್ಲಿ ವಿನಿಮಯ ಪದ್ಧತಿಯೊಂದಿದೆ. ಕೆಟ್ಟದ್ದನ್ನು ಕೊಟ್ಟು, ದುರಸ್ತಿಯಾದದ್ದನ್ನು ಒಯ್ಯಬಹುದು. ಬಿಟ್ಟುಹೋದ ಪೆಟ್ಟಿಗೆಯನ್ನು ಬಿಚ್ಚಿ, ತೊಳೆದು, ಸವೆದ ತಟ್ಟೆಗಳನ್ನು ಬದಲಿಸಿ ಇನ್ನಾರದೋ ಕಾರಿಗೆ ಸಿದ್ಧಮಾಡುತ್ತಾರೆ.