ಮೃಗಶಿರಕ್ಕೆ ಮುನ್ನ ಕಾರವಾರ

ಬೇಸಗೆಯ ರಜೆಯಲ್ಲಿ ಸಂಸಾರಸಮೇತ ಮೋಟಾರಿನಲ್ಲಿ ಕಾರವಾರಕ್ಕೆ ಹೊರಡಲೆಣಿಸುವ ವಾಚಕರು ಮೇ ತಿಂಗಳ ನಡುವಣ ವಾರಗಳನ್ನು ಆರಿಸಿಕೊಳ್ಳುವುದು ಲೇಸು. ಸೆಕೆ ವಿಪರೀತ, ನಿಜ. ಆದರೆ ಅಂಕೋಲೆಯ ಕರಿ ಈಶಾಡು ಮಾವು ಕೈಗೆ ಸಿಗುವುದು ಆಗಲೇ. ತೆಳುಸಿಪ್ಪೆಯ, ತುಂಬುತಿರುಳಿನ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ವಾಹನದಲ್ಲಿ ಒಂದು ಬುಟ್ಟಿಗೆ ಸ್ಥಳವಿರಲಿ.

ಹುಬ್ಬಳ್ಳಿಯನ್ನು ಮುಂಜಾನೆಯೇ ಬಿಟ್ಟರೆ, ಯಲ್ಲಾಪುರ ದಾಟಿ ಅರಬೈಲು ಘಟ್ಟವನ್ನು ಹಗಲಿನಲ್ಲೇ ಇಳಿಯಬಹುದು. ಲಾರಿಗಳ ದಟ್ಟಣೆಯ ಈ ಇಳಿಜಾರಿನಲ್ಲಿ ಬರಿಯ ಬ್ರೇಕನ್ನು ನಂಬದೆ ಕೆಳಗಿನ ಗೇರಿನಲ್ಲಿ ಸಾಗಬೇಕು. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರು. ತರುಣ ರವೀಂದ್ರನಾಥ ಠಾಕೂರರು 1880ರ ದಶಕದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನೊಡನೆ ತಂಗಿದ್ದ ಊರಿದು. ಕಡಲತೀರವು ಇಂದು ಅವರ ಹೆಸರನ್ನೇ ಹೊತ್ತಿದೆ.

ಮಳೆ ಹಿಡಿದ ಮೇಲೆ ಮಾತ್ರ ಈ ಸಾಹಸ ಬೇಡ. 2024ರ ಜುಲೈ 16ರಂದು ಅಂಕೋಲೆಯ ದಕ್ಷಿಣಕ್ಕಿರುವ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಚಹಾದಂಗಡಿಯೊಂದನ್ನು ಕುಟುಂಬಸಹಿತ ಬಲಿಗೊಂಡಿತು. ಕಾಣೆಯಾದ ಲಾರಿಯೊಂದು ಗಂಗಾವಳಿಯ ತಳದಲ್ಲಿ ದೊರೆತದ್ದು ಎರಡು ತಿಂಗಳ ಅನಂತರ. ಅದೇ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆಯೂ ಮುರಿದು ಬಿದ್ದಿತು. ಹೆದ್ದಾರಿ ಹಿಡಿದು ಗೋಕರ್ಣಕ್ಕೆ ಹೋಗುವವರು ಶಿರೂರಿನ ಆ ಗುಡ್ಡದ ಬುಡದಲ್ಲೇ ಹಾಯಬೇಕು. ಮೃಗಶಿರದ ಮಳೆ ಹೂಡುವ ಮುನ್ನವೇ ಮನೆ ಸೇರುವಂತೆ ದಿನಗಳನ್ನು ಎಣಿಸಿಕೊಳ್ಳಿರಿ.